ಸತ್ತವನಿಗೆ ಒನ್ಸ್ ಮೋರ್ ಇಲ್ಲ

ಚಾಮರಾಜನಗರ, 10 ಫೆಬ್ರವರಿ 1955, ಗುರುವಾರ

ವೈದ್ಯ ಸಂಘದ ಅಧ್ಯಕ್ಷರಾದ ಡಾ. ದೊಡ್ಡಮಲ್ಲಪ್ಪನವರು ಇಂದು ನನ್ನ ಸಂಪಾದಕ ಪದವಿಗೇ ಕೈ ಹಾಕಿದರು. ಹಾಕಲಿ!

ನಮ್ಮ ಸಂಘದ ಪತ್ರಿಕೆಗೆ ಅವರದೊಂದು ಲೇಖನ: ಚಳಿಜ್ವರಕ್ಕೆ ಹೊಸ ಮಾತ್ರೆ, ನುಂಗಿದವರೆಲ್ಲ ಗುಣ. ಬರೆದವರ ಹೆಸರು ಮರೆಮಾಡಿ ಮೈಸೂರಿನ ಇಬ್ಬರು ವೈದ್ಯರ ಪರಿಶೀಲನೆಗೆ ಕಳಿಸಿದ್ದೆ. ಒಬ್ಬರು ಕೇಳಿದರು: ಹಂಗಳದ ರೋಗಿ ಮತ್ತೆ ಆಸ್ಪತ್ರೆಗೆ ಬರಲೇ ಇಲ್ಲವಲ್ಲ, ಗುಣವಾದನೆಂದು ಹೇಗೆ ಗೊತ್ತು? ನಿನ್ನೆ ಬಸ್ಸು ಹತ್ತಿ ಹಂಗಳಕ್ಕೆ ಹೋದೆ. ಅವನ ಹೆಂಡತಿ ಚಂದ್ರಮತಿ, "ಮಾತ್ರೆ ನುಂಗ್ತಾ ನುಂಗ್ತಾನೆ ಓಗ್ಬುಟ್ರು ಕಣ್ ಸ್ವಾಮಿ. ಯಾರೂ ಕೇಳ್ಕಂಡು ಬರ್ನಿಲ್ಲ" ಎಂದಳು.

ಇಂದು ಅಪ್ಸರ್ ಪಾಷಾರ ಅಚ್ಚುಕೂಟದಲ್ಲಿ ಅಧ್ಯಕ್ಷರಿಗೆ ಇದನ್ನು ಹೇಳಿದೆ.

"ಅದೊಂದ ಬುಟ್ಬುಡಯ್ಯಾ. ಮಿಕ್ಕೋರು ಎದ್ದು ಓಡಾಡ್ತಾವ್ರಲ್ಲ!"

ನಾನು ಕಂಪನಿ ನಾಟಕ ನೋಡಿ ಬೆಳೆದವನು. ರಂಗದ ಮೇಲೆ ಸತ್ತ ರಾಜ, ಜನ 'ಒನ್ಸ್ ಮೋರ್' ಎಂದರೆ ಎದ್ದು ಹಾಡಿ ಮತ್ತೊಮ್ಮೆ ಸಾಯುತ್ತಿದ್ದ. ನಾನೂ ಶಿಳ್ಳೆ ಹೊಡೆದವನೇ.

"ಸ್ವಾಮೀ, ಈ ಪತ್ರಿಕೆಯಲ್ಲಿ ಸತ್ತವನಿಗೆ ಒನ್ಸ್ ಮೋರ್ ಇಲ್ಲ!" ಎಂದು ಗರ್ಜಿಸಿದೆ. ಬೀದಿಯಲ್ಲಿ ಹೋಗುವವರು ನಿಂತರು.

"ಅಂಗಾದ್ರೆ ನೀನೂ ಇರಾಕಿಲ್ಲ" ಎಂದು ಕೊಡೆ ಎತ್ತಿಕೊಂಡು ಹೊರಟರು.

ಪಾಷಾ ಅಚ್ಚಿನ ಮೊಳೆ ಜೋಡಿಸುತ್ತಲೇ, "ನಾಟ್ಕ ಮುಗೀತಾ ಡಾಕ್ಟರ್ ಸಾಬ್? ಆ ಲೇಖನದ ಪುಟಗಳಿಗೆ ಏನ್ ಹಾಕ್ಲಿ?" ಎಂದರು.

"ಅವರು ಸತ್ತವನನ್ನೂ ಲೆಕ್ಕಕ್ಕೆ ಸೇರಿಸಿದರೆ ಲೇಖನ ಹಾಕಿ. ಇಲ್ಲದಿದ್ದರೆ ಪುಟಗಳು ಖಾಲಿಯೇ ಹೋಗಲಿ, ನನ್ನ ಕೊನೆಯ ಸಂಚಿಕೆಯಾದರೂ ಸರಿ!" ಎಂದೆ. ಯಾಕೆ ಖಾಲಿ ಎಂದು ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ. ಆಗ ಹಂಗಳದವನ ಕಥೆ ಹೇಳುತ್ತೇನೆ. ಈಗ ಗರ್ಜಿಸಿದ್ದಕ್ಕೆ ಗಂಟಲು ಕಟ್ಟಿದೆ, ಬಿಸಿನೀರು ಕುಡಿದು ಮಲಗಬೇಕು.