ಮಾತ್ರೆ ಕೊಟ್ಟ ಮೇಲೆ

ಮಾರ್ಚ್ 4, ಬೆಳಿಗ್ಗೆ

‘ನೆತ್ತರೆಂಬುದು ಹಳೆಯ ನೆಂಟ...’ ಹೀಗೇ ಇತ್ತಾ ಆ ಪದ್ಯದ ಸಾಲು? ಮುಂದಿನದು ನೆನಪಿಲ್ಲ. ನೆಂಟನಾದರೆ ತಾನಾಗಿ ಬರಬೇಕಲ್ಲ. ತಂಗಿಯ ಮೂಳೆಯೊಳಗೆ ರಕ್ತ ಹುಟ್ಟುವುದೇ ಕಮ್ಮಿಯಾಗಿದೆ. ಈಗ ಅವಳಲ್ಲಿ ಹರಿಯುವುದು ಬೇರೆ ಯಾರದೋ.

ಅವಳ ಹಲ್ಲಿಗೆ ಮೆತ್ತನೆಯ ಬ್ರಶ್ ತಂದೆ. ಹೂದಾನಿಯ ನೀರಲ್ಲೂ ಸೋಂಕಿರುತ್ತಂತೆ, ಹೊರಗಿಟ್ಟೆ. ಡಿಸ್ಚಾರ್ಜ್ ದಿನ ವಾರ್ಡಿನ ನರ್ಸ್ ಹೇಳಿದ್ದು: “ನಮ್ಮ ಗುರಿ ದೊಡ್ಡದೇನಲ್ಲಮ್ಮ. ಸೋಂಕು ತಗಲಬಾರದು, ರಕ್ತ ಸೋರಬಾರದು, ಸುಸ್ತು ಮಾಡ್ಕೋಬಾರದು. ಜ್ವರ ಬಂತೋ, ಕಾಯಬೇಡಿ. ಕರ್ಕೊಂಡ್ ಬಂದ್ಬಿಡಿ.”

ಮಾರ್ಚ್ 5

ಮತ್ತೆ ನೆಲ ಒರೆಸಿದೆ. “ಹೆಡ್ ನರ್ಸಮ್ಮ, ನನ್ನನ್ನೂ ಒಂದ್ಸಲ ಒರೆಸಿ ಒಣಗಾಕಿಬಿಡು.” ತಂಗಿ ತಾನೇ ಹೇಳಿ ತಾನೇ ನಕ್ಕಳು. ಒಸಡಿನಲ್ಲಿ ಕೆಂಪು. ನಗುವುದೂ ತಪ್ಪೇ?

ಮಾರ್ಚ್ 9, ಮಧ್ಯಾಹ್ನ

ಮೈಕೈ ನೋವು ಅಂದಳು. ಮಾತ್ರೆ ಕೊಟ್ಟೆ. ಅಮ್ಮನ ಕಾಲದಿಂದಲೂ ನಮ್ಮನೆಯಲ್ಲಿ ಎಲ್ಲ ನೋವಿಗೂ ಅದೊಂದೇ ಮಾತ್ರೆ. ಸ್ವಲ್ಪ ಹೊತ್ತಿಗೆ ಥರ್ಮಾಮೀಟರ್ ಇಟ್ಟೆ – ಜ್ವರವಿಲ್ಲ. ಮನಸ್ಸು ಹಗುರವಾಯಿತು. ಆಮೇಲೆ ಹೊಳೆಯಿತು: ಅದು ಜ್ವರ ಇಳಿಸುವ ಮಾತ್ರೆಯೂ ಹೌದು. ಮೊದಲು ಅಳೆದು ಆಮೇಲೆ ಕೊಡಬೇಕಿತ್ತು. ಈಗ... ಜ್ವರವೇ ಇಲ್ಲವೋ, ಇದ್ದದ್ದು ಅಡಗಿದೆಯೋ?

“ಮಾತ್ರೆ ಪವರ್ ಇಳಿದ್ಮೇಲೆ ನೋಡೋಣ ಬಿಡೇ ಅಕ್ಕ. ಸುಮ್‌ಸುಮ್ನೆ ಮತ್ತೆ ಆ ವಾರ್ಡಿಗೆ ಎಳ್ಕೊಂಡು ಹೋಗ್ತೀಯಾ?”

“ಚಳಿ ಆಗ್ತಿದೆಯಾ?”

“ನೀನು ಹಾಗೆ ದಿಟ್ಟಿಸಿದ್ರೆ ಯಾರಿಗಾದ್ರೂ ಚಳಿ ಆಗುತ್ತೆ.”

ಇದು ತಮಾಷೆಯೋ, ಉತ್ತರವೋ?

ಅದೇ ದಿನ, ಸಂಜೆ

ವಾರ್ಡಿನ ಫೋನ್ ಎಂಗೇಜ್. ಹೊದಿಕೆ ಕೇಳಿದಳು, ಒದ್ದಳು, ಮತ್ತೆ ಕೇಳಿದಳು. ಥರ್ಮಾಮೀಟರ್ ಮಾತ್ರ ಇನ್ನೂ ಏನೂ ಇಲ್ಲ ಅನ್ನುತ್ತಿದೆ. ನಂಬಲೋ ಬೇಡವೋ. ಕರೆದೊಯ್ದರೆ ಆಸ್ಪತ್ರೆಯ ಆ ಗುಂಪಿನಲ್ಲೇ ಏನಾದರೂ ಅಂಟಿಕೊಂಡರೆ? ಕಾದರೆ –

ಏನು ಮಾಡಲಿ ಎಂದು ಪಕ್ಕದ ಮನೆ ಟೀಚರಿಗೆ ಮೆಸೇಜ್ ಹಾಕಿದ್ದೆ. ಉತ್ತರ ಬರಲಿಲ್ಲ, ಅವರೇ ಬಂದರು. ಮಾಸ್ಕ್ ಹಾಕಿ ಹೊಸ್ತಿಲ ಆಚೆಯೇ ನಿಂತರು. ಮಾತ್ರೆಯ ವಿಷಯವನ್ನೂ ಹೇಳಿದೆ. ತಂಗಿ ಗೊಣಗುತ್ತಾ ಸ್ವೆಟರ್ ಹುಡುಕುತ್ತಿದ್ದಾಳೆ, ಅಷ್ಟರಲ್ಲಿ ಇದಿಷ್ಟು ಗೀಚುತ್ತಿದ್ದೇನೆ. ಟೀಚರ್ ಬಯ್ಯಲಿಲ್ಲ.

“ಜ್ವರ ಹೌದೋ ಅಲ್ವೋ ಅನ್ನೋದನ್ನ ಕಾರಲ್ಲಿ ಕೂತ್ಕೊಂಡು ಯೋಚನೆ ಮಾಡಿ. ಸ್ಟಾರ್ಟ್ ಮಾಡಿಟ್ಟೇ ಬಂದಿದೀನಿ. ಏನೂ ಇಲ್ಲ ಅಂತ ಅವ್ರೇ ಹೇಳ್ಲಿ, ನಗ್ತಾ ವಾಪಸ್ ಬರೋಣ. ಚಪ್ಪಲಿ ಹಾಕ್ಕೊಳ್ಳಿ, ನೀವೊಬ್ರು ಇನ್ನೂ ಬರೀತಾ ಕೂತಿದೀರಲ್ಲ –”