ಚಲ್ಲಣದ ಒಳಮಡಿಕೆ

೨೧ ಜನವರಿ ೨೦೦೭, ರಾಣೆಬೆನ್ನೂರು

ಬೆಳಿಗ್ಗೆಯಿಂದ ಬರೀ ಬ್ಲೌಸಿನ ಹುಕ್ಕು. ಮದುವೆ ಸೀಸನ್, ಎಲ್ಲರಿಗೂ ನಾಳೆಯೇ ಬೇಕು. ಕತ್ತು ಹಿಡಿದುಕೊಂಡಿದೆ.

ಮಧ್ಯಾಹ್ನ ಬ್ಯಾಡಗಿಯಿಂದ ಅಪ್ಪನ ಫೋನು. ಹಾವೇರಿಯಲ್ಲಿ ಹಳೆಯ ಪೈಲ್ವಾನರಿಗೆ ಸನ್ಮಾನವಂತೆ, ಫೆಬ್ರವರಿ ಇಪ್ಪತ್ತೈದಕ್ಕೆ. ಅಬ್ದುಲಗನಿ ಕಾಕಾ ಮುಂದೆ ನಿಂತು ಮಾಡಿಸುತ್ತಿದ್ದಾರೆ. ಹರೆಯದಲ್ಲಿ ಅಪ್ಪನ ಎದುರಾಳಿ, ಈಗ ಜೀವದ ಗೆಳೆಯ. ಶಾಲು, ಹಾರ ಎಲ್ಲ ಸರಿ. ಆದರೆ ಅಪ್ಪನಿಗೆ ಧೋತರ ಉಟ್ಟು ಕುರ್ಚಿಯಲ್ಲಿ ಕೂರುವುದು ಬೇಡ. ಮೊದಲಿನ ಹಾಗೆ ಕುಸ್ತಿಯ ಚಲ್ಲಣ ತೊಟ್ಟೇ ಕಣಕ್ಕಿಳಿದು ಸಲಾಮಿ ಹೊಡೆಯಬೇಕಂತೆ. ಎಪ್ಪತ್ತು ದಾಟಿದ ಮೇಲೆ ಈ ಹುರುಪು!

ಹಳೆಯ ಚಲ್ಲಣ ಟ್ರಂಕಿನಲ್ಲಿದೆ. ಒಣಮೆಣಸಿನಕಾಯಿ ಹಾಕಿಟ್ಟಿದ್ದರಿಂದ ಹುಳ ಮುಟ್ಟಿಲ್ಲ, ಆದರೆ ಮಡಿಕೆ ಬಿಚ್ಚಿದರೆ ಹಪ್ಪಳದ ಹಾಗೆ ಮುರಿಯುತ್ತದಂತೆ. ಹೊಸದು ನೀನು ಹೊಲಿ ಅಂದ. ಕೇಳಿದ್ದಲ್ಲ, ಹೇಳಿದ್ದು.

ನನ್ನ ಗಂಡ ಕೊಟ್ರೇಶರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಧೋತರದೊಳಗಿನ ಚಡ್ಡಿಗೆ ಇಷ್ಟು ದೊಡ್ಡ ಕಥೆಯೇ ಅಂತ. ಗಂಡಂದಿರಿಗೆ ಏನು ಗೊತ್ತು.

೨೪ ಜನವರಿ

ಬ್ಯಾಡಗಿಗೆ ಹೋಗಿ ಬಂದೆ. ಮಾರ್ಕೆಟ್ ಯಾರ್ಡ್ ತುಂಬ ಮೆಣಸಿನಕಾಯಿ. ಸ್ಟೇಷನ್ನಿನಲ್ಲಿ ಇಳಿದಾಗಿನಿಂದ ಸೀನು.

ಅಳತೆಗೆ ಟೇಪು ತೆಗೆದೆ. ಅವ್ವ ಪಕ್ಕದಲ್ಲಿ ಕೂತಿದ್ದಳು, ವಯಸ್ಸಿನಿಂದ ನಡುಗುವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಅಪ್ಪನ ಚಲ್ಲಣಗಳನ್ನೆಲ್ಲ ಹೊಲಿದವಳು ಅವಳೇ. ಪೂರ್ತಿ ಕೈಹೊಲಿಗೆ, ಮೇಲೆ ಕಸೂತಿ. ಆದರೆ ಅಪ್ಪನ ಒಂದು ಕುಸ್ತಿಯನ್ನೂ ನೋಡಿದವಳಲ್ಲ. ಹೆಂಗಸರು ಕಣದ ಹತ್ತಿರ ಸುಳಿಯುವಂತಿರಲಿಲ್ಲ. ಗೆದ್ದೆ, ಸೋತೆ ಅಂತ ಅಪ್ಪ ಮನೆಗೆ ಬಂದು ಹೇಳುವವನೂ ಅಲ್ಲ. ಮತ್ತೆ ನಿನಗೆ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆ.

"ಚಲ್ಲಣ ಒಗಿಯಾಕ ಹಾಕತಿದ್ರಲ್ಲ. ಹಿಂದ ಕೆಮ್ಮಣ್ಣ ಹತ್ತಿದ್ರ ಸೋತಾರ. ಮುಂದ ಅಷ್ಟ ಹತ್ತಿದ್ರ ಗೆದ್ದಾರ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ನನಗೆ ಮೈ ಉರಿದುಹೋಯಿತು. ಟೇಪು ಸುತ್ತಿ ಚೀಲಕ್ಕೆ ಹಾಕಿದೆ. ಅವ್ವ ಮುಂದಿನ ಸಾಲಿನಲ್ಲಿ ಕೂತು ನೋಡುವುದಾದರೆ ಹೊಲಿಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. ಮೊದಲಿನಿಂದ ನಡೆದು ಬಂದದ್ದನ್ನು ಮಗಳ ಹಟಕ್ಕೆ ಮುರಿಯಲೇ ಎಂದು ಅಪ್ಪ ಮುಖ ತಿರುಗಿಸಿದ. ಅವ್ವನೂ ನನಗ್ಯಾಕೆ ಅದೆಲ್ಲ ಅಂದಳು. ಬಾಯಿ ಬೇಡ ಅನ್ನುತ್ತಿತ್ತು, ಕಣ್ಣು ಬೇಕು ಅನ್ನುತ್ತಿತ್ತು.

ಅಳತೆ ತೆಗೆಯದೆ ಬಂದೆ.

೨ ಫೆಬ್ರವರಿ

ಫೋನಿಲ್ಲ. ನಾನೂ ಮಾಡಿಲ್ಲ.

ಇವತ್ತು ತಮಾಷೆ. ಪಕ್ಕದ ಅಂಗಡಿಯ ಇಸಾಕಸಾಬರು ನಗುತ್ತ ಬಂದರು. ಜೆಂಟ್ಸ್ ಟೇಲರ್, ನನಗೆ ಕಟಿಂಗ್ ಕಲಿಸಿದವರು. ಅಪ್ಪ ಕದ್ದುಮುಚ್ಚಿ ಅವರ ಹತ್ತಿರವೇ ಚಲ್ಲಣ ಹೊಲಿಸಲು ಬಂದಿದ್ದನಂತೆ! ಅವರು ಕೈ ಮುಗಿದು, ಕಸೂತಿ ನನ್ನ ಕೈಯಿಂದ ಆಗದು, ನಿಮ್ಮ ಮಗಳ ಬಾಗಿಲು ಪಕ್ಕದ್ದೇ ಅಂದರಂತೆ.

ಸ್ವಲ್ಪ ಹೊತ್ತಿಗೆ ಪೈಲ್ವಾನ ಲಕ್ಷ್ಮಪ್ಪನವರ, ಅಂದರೆ ಅಪ್ಪನ, ಸವಾರಿ ನನ್ನ ಅಂಗಡಿಗೆ. ಸ್ಟೂಲಿನ ಮೇಲೆ ಕೂತ. ಚಹಾ ಕುಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ಕೊನೆಗೆ—

"ಆತು. ಬರಲಿ ಆಕಿ. ಅಳತಿ ತೊಗೊ."

ಗೆದ್ದೆ!

೮ ಫೆಬ್ರವರಿ

ಅವ್ವ ನನ್ನ ಮನೆಗೆ ಬಂದಿದ್ದಾಳೆ. ಅವಳು ಹೇಳುವುದು, ನಾನು ಹೊಲಿಯುವುದು. ಇಸಾಕಸಾಬರು ಗಟ್ಟಿ ಮಾದರಪಾಟ ಬಟ್ಟೆ ಆರಿಸಿ ಕೊಟ್ಟರು. ಎರಡು ಪದರ ಹಾಕಿ ಕೈಯಲ್ಲೇ ಹೊಲಿಯಬೇಕು. ಸೂಜಿ ಹೋಗುವುದಿಲ್ಲ, ಬೆರಳು ಹೋಗುತ್ತಿದೆ.

ಒಂದು ಸಣ್ಣ ಕಳ್ಳತನ ಮಾಡಿದ್ದೇನೆ. ತೊಡೆಸಂದಿಯ ಹೊಲಿಗೆಯನ್ನು ಮಿಷನ್ನಿಗೆ ಕೊಟ್ಟೆ. ಯಾರು ಅಲ್ಲಿ ಬಗ್ಗಿ ನೋಡುತ್ತಾರೆ?

೧೧ ಫೆಬ್ರವರಿ

ಬಗ್ಗಿ ನೋಡುವುದೇ ಬೇಕಾಗಲಿಲ್ಲ.

ಟ್ರಯಲ್‌ಗೆಂದು ಅಪ್ಪನನ್ನು ಕರೆಸಿದ್ದೆ. ಅವ್ವ ಮೊದಲು ಹೊಲಿಗೆಯ ಮೇಲೆಲ್ಲ ಬೆರಳಾಡಿಸಿದಳು. ತೊಡೆಸಂದಿಯ ಹತ್ತಿರ ಬೆರಳು ನಿಂತಿತು. ನನ್ನ ಮುಖ ನೋಡಿದಳು. ಹಾಗೇ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಹಾಕಿಕೊಂಡು ಬಂದು ತೊಡೆ ತಟ್ಟಿ ಒಂದೇ ಒಂದು ಬೈಠಕ್ ಹೊಡೆದ. ಟರ್ರ್!

ಕೊಟ್ರೇಶ ನಗು ತಡೆಯಲಾಗದೆ ಹಿತ್ತಿಲಿಗೆ ಓಡಿದರು. ಅಪ್ಪ ಹಿಂದೆ ಟವೆಲ್ ಹಿಡಿದುಕೊಂಡು ಒಳಗೆ ಹೋದ.

ಅವ್ವ ಆಮೇಲೆ ತಿಳಿಸಿ ಹೇಳಿದಳು. ಮಿಷನ್ ಹೊಲಿಗೆ ಒಂದು ಕಡೆ ಕಿತ್ತರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಎದುರಾಳಿ ಕೈ ಹಾಕುವುದೇ ಚಲ್ಲಣಕ್ಕೆ. ಕಣದ ನಡುವೆ ಹೀಗಾದರೆ ಪೈಲ್ವಾನನ ಮರ್ಯಾದೆ ಏನಾಗಬೇಕು? ಕೈಯಲ್ಲಿ, ಸೂಜಿಯನ್ನು ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಮುಂದಕ್ಕೆ ತೆಗೆದು ಹೊಲಿದರೆ ಪ್ರತಿ ಹೊಲಿಗೆಯೂ ತನ್ನಷ್ಟಕ್ಕೆ ಗಟ್ಟಿ. ನೂಲಿಗೆ ಗಂಟೂ ಹಾಕಬಾರದು. ಮೈಮೇಲೆ ಮೈ ಬಿದ್ದಾಗ ಗಂಟು ಚರ್ಮಕ್ಕೆ ಚುಚ್ಚುತ್ತದೆ.

ಊರಿನ ಹೆಂಗಸರಿಗೆಲ್ಲ ಫಿಟ್ಟಿಂಗ್ ಹೇಳುವವಳು ನಾನು! ಎಲ್ಲ ಬಿಚ್ಚಿ ಮತ್ತೆ ಶುರು.

೧೯ ಫೆಬ್ರವರಿ

ಹೊಲಿಗೆ ನಾಲ್ಕು ದಿನದ ಹಿಂದೆಯೇ ಮುಗಿಯಿತು. ಕೊಟ್ರೇಶ ಒಂದು ಕಡೆ, ಇಸಾಕಸಾಬರು ಇನ್ನೊಂದು ಕಡೆ ಹಿಡಿದು ಜಗ್ಗಿದರು. ಇಸಾಕಸಾಬರ ಚಪ್ಪಲಿ ಜಾರಿತು, ಹೊಲಿಗೆ ಜಾರಲಿಲ್ಲ.

ಅಂದಿನಿಂದ ಕಸೂತಿ. ತೊಡೆಗೆ ಆನೆ, ಅಂಚಿಗೆ ಗೋಪುರ. ಬಟ್ಟೆಯ ಎಳೆ ಎಣಿಸಿ ಎಣಿಸಿ ಕಣ್ಣು ಕೆಂಪು. ಹಿಂದು ಮುಂದು ಎರಡೂ ಕಡೆ ಒಂದೇ ಥರ ಕಾಣಬೇಕು. ಅವ್ವ ಬೆರಳಿಟ್ಟು ನೋಡಿ ಹೂಂ ಅನ್ನುವತನಕ ನನಗೆ ಉಸಿರಿಲ್ಲ.

ಎಲ್ಲ ಆಯಿತು ಅಂದುಕೊಂಡರೆ ಇನ್ನೊಂದು ಬಾಕಿ ಅಂದಳು. ಲಾಡಿಯ ಮೇಲೆ ಒಳಕ್ಕೆ ಮಡಚುವ ಪಟ್ಟಿ. ಅದರ ಮೇಲೆ ಗುಬ್ಬಿ ಸಾಲು ಹಾಕು ಅಂದಳು. ಒಳಗೆ ಮಡಚಿದ ಮೇಲೆ ಯಾರಿಗೂ ಕಾಣುವುದಿಲ್ಲವಲ್ಲ ಎಂದೆ.

"ಕಾಣಾಕಲ್ಲವ್ವಾ. ನಾ ಅಂತೂ ಅಲ್ಲಿ ಹೋಗಾಂಗಿರಲಿಲ್ಲ. ನನ್ನ ಗುಬ್ಬಿಯಾರ ಹೋಗಲಿ ಅಂತ ಹಾಕತಿದ್ದೆ."

ಅಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದೆ. ಅವರು ಕೇಳಿಲ್ಲ, ನಾ ಹೇಳಿಲ್ಲ ಅಂದಳು. ಗುಬ್ಬಿ ಹಾಕುವಾಗ ಅಳು ಬಂತು. ಅತ್ತುಬಿಟ್ಟೆ.

೨೫ ಫೆಬ್ರವರಿ, ಸಂಜೆ, ಬ್ಯಾಡಗಿ

ಬಂದವಳೇ ಡೈರಿ ತೆಗೆದೆ. ಬರೆದುಬಿಡುತ್ತೇನೆ.

ಹಾವೇರಿಯ ಬಯಲಿನಲ್ಲಿ ಜನವೋ ಜನ. ನಡುವೆ ಕೆಮ್ಮಣ್ಣಿನ ಕಣ, ಎಣ್ಣೆ ಅರಿಶಿನ ಕಲಸಿದ ವಾಸನೆ. ಒಳಹೋಗುವ ಬಾಗಿಲಲ್ಲಿ ಬ್ಯಾಡ್ಜ್ ಹಾಕಿದವರು ನಮ್ಮಿಬ್ಬರನ್ನೂ ತಡೆದರು. ಹೆಂಗಸರಿಗೆ ಪೆಂಡಾಲಿನ ಹಿಂದೆ ಕುರ್ಚಿ ಹಾಕಿದ್ದಾರೆ, ಊಟದ ಹತ್ತಿರ. ಅಲ್ಲಿಂದ ಕಾಣುವುದು ಅನ್ನದ ಕೊಪ್ಪರಿಗೆ ಮಾತ್ರ. ನಾನು ಜಗಳಕ್ಕೆ ನಿಂತೆ. ಅವ್ವ ನನ್ನ ಕೈ ಜಗ್ಗಿ, ಹೋಗೋಣ ನಡಿ ಅನ್ನುತ್ತಿದ್ದಳು.

ಅಷ್ಟರಲ್ಲಿ ಮೈಕಿನಲ್ಲಿ ಅಪ್ಪನ ಹೆಸರು. ಹಲಿಗೆ ವಾದ್ಯ ಮೊಳಗಿತು. ಅಪ್ಪ ಕಣದ ಅಂಚಿಗೆ ಬಂದ. ನಮ್ಮ ಚಲ್ಲಣ! ಆನೆಗಳು ತೊಡೆಯ ಮೇಲೆ ನಡೆದಂತೆ ಇದ್ದವು. ಆದರೆ ಅಪ್ಪ ಕಣಕ್ಕೆ ಕಾಲಿಡಲಿಲ್ಲ. ಸುತ್ತ ನೋಡಿದ. ಬಾಗಿಲಲ್ಲಿ ನಮ್ಮನ್ನು ಕಂಡ. ಹಲಿಗೆಯವನಿಗೆ ಕೈ ಮಾಡಿ ನಿಲ್ಲಿಸಿದ.

"ಚಲ್ಲಣ ಹೊಲದಾಕಿ ಹೊರಗ ನಿಂತಾಳ. ಆಕಿ ಬಂದ ಕುಂದ್ರೂತನಕ ನಾ ಇಳಿಯೂದಿಲ್ಲ."

ಮೈಕ್ ಬೇಕಾಗಲಿಲ್ಲ, ಅಪ್ಪನ ಗಂಟಲು ಅಂಥದ್ದು. ಬ್ಯಾಡ್ಜಿನವರು ದಾರಿ ಬಿಟ್ಟರು. ಆಮೇಲೆ ಅಬ್ದುಲಗನಿ ಕಾಕಾ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಕಣದ ಎದುರಿಗೆ ಇಟ್ಟರು. "ಬರ್ರಿ ಮುತ್ತಕ್ಕ, ಕುಂದ್ರಿ," ಅಂದರು.

ಅವ್ವ ನಡೆದಳು. ಸೆರಗು ಸರಿ ಮಾಡಿಕೊಂಡು, ತಲೆ ಎತ್ತಿ. ಅಷ್ಟು ಗಂಡಸರ ನಡುವೆ!

ಆಗ ಅಪ್ಪ ಮಾಡಿದ್ದನ್ನು ಸಾಯುವವರೆಗೂ ಮರೆಯಲಾರೆ. ಲಾಡಿಯ ಹತ್ತಿರ ಕೈ ಹಾಕಿ, ಒಳಗಿನ ಮಡಿಕೆಯನ್ನು ಹೊರಕ್ಕೆ ತಿರುವಿದ. ಗುಬ್ಬಿ ಸಾಲು ಪೂರ್ತಿ ಹೊರಗೆ, ಬಿಸಿಲಿಗೆ. ಗೊತ್ತಿತ್ತು ಅವನಿಗೆ. ಅಷ್ಟೂ ವರ್ಷ ಗೊತ್ತಿತ್ತು.

ಕಣಕ್ಕಿಳಿದು ಮೊದಲ ಸಲಾಮಿ ಅವ್ವನ ಕುರ್ಚಿಗೆ. ಕಾಕಾನಿಗೂ ಹುರುಪು ಬಂದು ಪಂಚೆ ಎತ್ತಿ ಕಟ್ಟಿಕೊಂಡು ಇಳಿದೇಬಿಟ್ಟರು. ಇಬ್ಬರು ಮುದುಕರೂ ಕೈ ಮಿಲಾಯಿಸಿದರು. ಕಾಕಾ ಚಲ್ಲಣಕ್ಕೇ ಕೈ ಹಾಕಿ ಜಗ್ಗಿದರು. ಅವ್ವ ಕುರ್ಚಿಯಿಂದ ಅರ್ಧ ಎದ್ದಳು. ನನ್ನ ಜೀವ ಹೊಲಿಗೆಯಲ್ಲಿತ್ತು. ಬಿಚ್ಚಲಿಲ್ಲ! ಅಪ್ಪ ಮೊಣಕಾಲೂರಿ ತಿರುಗಿ ಕಾಕಾನನ್ನು ಮೆಲ್ಲಗೆ ಮಣ್ಣಿಗೆ ಮಲಗಿಸಿದ. ಬಯಲೆಲ್ಲ ಶಿಳ್ಳೆ. ಕಾಕಾ ಮಲಗಿದಲ್ಲೇ ನಗುತ್ತಿದ್ದರು.

ಅವ್ವ ಚಪ್ಪಾಳೆ ಹೊಡೆಯುತ್ತಿದ್ದಳು. ಆ ನಡುಗುವ ಕೈಗಳಲ್ಲೇ.

೨೬ ಫೆಬ್ರವರಿ, ಬೆಳಿಗ್ಗೆ

ಅಪ್ಪ ಇನ್ನೂ ಎದ್ದಿಲ್ಲ. ಮೈಕೈ ನೋವಿರಬೇಕು, ಕೇಳಿದರೆ ಒಪ್ಪಿಕೊಳ್ಳುವುದಿಲ್ಲ. ಪ್ಯಾಸೆಂಜರ್ ಗಾಡಿಗೆ ನಾನು ಹೊರಡಬೇಕು, ಬ್ಲೌಸುಗಳು ಕಾಯುತ್ತಿವೆ.

ಅವ್ವ ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಾಳೆ, ಇಲ್ಲಿಂದ ಕಾಣುತ್ತದೆ. ಚಲ್ಲಣ ತೊಡೆಯ ಮೇಲಿದೆ. ತಿರುವಿ ಹಿಂದೆ ನೋಡಿದಳು. ಬೆಳ್ಳಗೆ. ಮುಂದೆ ನೋಡಿದಳು. ಮೊಣಕಾಲಿನ ಅಂಚಿಗೆ ಕೆಮ್ಮಣ್ಣು.

"ನಿನ್ನೆ ನಾನ ಕಣ್ಣಿಲೆ ನೋಡೇನಿ. ಮತ್ಯಾಕ ನೋಡಾಕತ್ತೇನಿ," ಎಂದು ತಾನೇ ನಕ್ಕಳು.

ಬಕೆಟ್ ತುಂಬ ನೀರಿದೆ. ಅದ್ದಲಿಲ್ಲ. ಮಣ್ಣಿನ ಸಮೇತ ಮಡಚುತ್ತಿದ್ದಾಳೆ, ಗುಬ್ಬಿ ಸಾಲು ಮೇಲೆ ಬರುವ ಹಾಗೆ. ಟ್ರಂಕ್ ತೆಗಿ, ಒಂದು ಹಿಡಿ ಮೆಣಸಿನಕಾಯಿ ತಾ ಅಂತ ಕೂಗುತ್ತಿದ್ದಾಳೆ. ಬಂದೆ, ಬಂದೆ… ಟ್ರಂಕಿನ ಕೀಲಿ ಎಲ್ಲಿ?