ನಾಟಿಯ ದಿನ ಖಾಲಿಯಿದ್ದ ಹಾಸಿಗೆಗಳು

ಖಾನಾಪುರ
೨೨ ಡಿಸೆಂಬರ್ ೨೦೨೪, ರವಿವಾರ

ಪ್ರೀತಿಯ ಪೂನಮ,

ನಿನ್ನ ಪ್ರಮಿಳಾ ಅತ್ತೆಯ ಆಶೀರ್ವಾದ. ನಾನು ಹೇಗೋ ಇದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿಕೊಂಡಿದ್ದೇನೆ. ಅಪ್ಪನ ಹದಿಮೂರನೆಯ ದಿನ ಮುಗಿಸಿ ನೀನು ಮಚ್ಛೆಗೆ ಹೊರಟುಹೋದ ಮೇಲೆ ಎಷ್ಟು ಸಲ ಫೋನ್ ಮಾಡಿದೆನೋ, ನೀನು ಎತ್ತಲಿಲ್ಲ. ಕಾಗದವನ್ನಾದರೂ ಓದುತ್ತೀಯೆಂದು ಬರೆಯಲು ಕೂತೆ. ಬರೆಯುವುದು, ಹರಿದು ಹಾಕುವುದು, ಹೀಗೇ ಎರಡು ವಾರ ಕಳೆದವು. ತಡವಾಯಿತು, ಸಿಟ್ಟಾಗಬೇಡ. ಊರವರ ಮನೆಯ ಕಥೆಗಳನ್ನೆಲ್ಲ ಹಾಳೆಗಟ್ಟಲೆ ಬರೆದಿಡುವವಳಿಗೆ ಸ್ವಂತ ಮನೆಯದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಕಾರ್ಖಾನೆಯ ರೂಪಾಲಿ ರಜೆಗೆ ಊರಿಗೆ ಬಂದಿದ್ದಾಳೆ. ನಾಳೆ ಬೆಳಿಗ್ಗೆ ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನಿನ್ನ ಅವ್ವ ಚೆನ್ನಾಗಿದ್ದಾಳೆ ಎಂದು ಬರೆದರೆ ನೀನು ನಂಬುವುದಿಲ್ಲ. ಭತ್ತ ಬಡಿಯಲು ಹೋಗುತ್ತಾಳೆ, ಬರುತ್ತಾಳೆ. ಹೋದ ವಾರ ನಾನು ನಿಮ್ಮೂರು ಹಲಸಿಗೆ ಹೋದಾಗ ನಿನ್ನ ಹಾಸಿಗೆ-ಹೊದಿಕೆ ಒಗೆದು ಒಣಹಾಕಿದ್ದಳು. ಯಾಕೆ ವೈನಿ ಎಂದು ಕೇಳಿದರೆ, ಬಿಸಿಲು ಚೆನ್ನಾಗಿತ್ತು ಅಂದಳು. ನಿನ್ನ ಹೆಸರು ಎತ್ತಲಿಲ್ಲ. ಮಾತನಾಡುವಾಗ ಮಾತ್ರ ಕಣ್ಣು ಬಾಗಿಲ ಕಡೆಗೇ ಇತ್ತು. ನೀನು ಅವಳ ಜೊತೆ ಮಾತು ಬಿಟ್ಟು ಇಂದಿಗೆ ಇಪ್ಪತ್ತೈದು ದಿನ.

ಅಂದು ಊಟದ ಪಂಕ್ತಿಯಲ್ಲಿ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ. "ಅಪ್ಪಾ ಕೈ ಮುಗದು ಒಂದ್ ಗುಟುಕು ಕೇಳಿದ್ನಂತ. ಕೈಯಾಗಿದ್ದದ್ದನ್ನ ಅವನ ಕಣ್ಣ ಮುಂದ ಬಚ್ಚಲಕ್ಕ ಸುರುವಿದಿ. ಕೊಟ್ಟಿದ್ರ ಇವತ್ತ ಇರ್ತಿದ್ದ. ನೀನ ಕೊಂದಿ ಅವನ್ನ." ಪಕ್ಕದ ಮನೆಯವರು ಕಂಡದ್ದನ್ನು ನಿನಗೆ ಹೇಳಿದ್ದರು; ಕಂಡದ್ದು ಸುಳ್ಳಲ್ಲ. ಅವ್ವ ಅನ್ನ ಬಡಿಸುತ್ತ ಮುಂದಿನ ಎಲೆಗೆ ಹೋದಳು. ನಾನು ನೀರಿನ ತಂಬಿಗೆ ಹಿಡಿದು ಅವಳ ಹಿಂದೆಯೇ ನಿಂತಿದ್ದೆ.

ದಿನವೂ ಕುಡಿಯುವವನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಎಂಬುದು ನಿನಗೆ ಗೊತ್ತು. ಸಾಲೆಯ ಸೂಟಿಯಲ್ಲಿ ನಮ್ಮ ವ್ಯಸನಮುಕ್ತಿ ಕೇಂದ್ರಕ್ಕೆ ಬಂದು ನನ್ನ ಮೇಜಿನ ಬದಿಗೆ ಕೂತು ಚಿತ್ರ ಬರೆಯುತ್ತಿದ್ದವಳು ನೀನು. ರೋಗಿಗಳ ಮನೆಯವರಿಗೆ ನಾನು ಹೇಳುವುದನ್ನು ಕೇಳಿ ಕೇಳಿ ನನ್ನ ಧಾಟಿಯಲ್ಲೇ ಅಣಕಿಸುತ್ತಿದ್ದೆ. ಅವ್ವ ಆ ಮೇಜಿನ ಹತ್ತಿರ ಎಂದೂ ಕೂತವಳಲ್ಲ. ಅವಳಿಗೆ ತಿಳಿದದ್ದು ಇಷ್ಟೇ: ಕುಡಿತ ಕೆಟ್ಟದ್ದು, ಬಿಡುವುದು ಒಳ್ಳೆಯದು.

ಕೇಂದ್ರ ಹೇಗೆ ಮುಚ್ಚಿತು ಎಂಬುದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಹೇಳಿದರೆ ಬಾಯಲ್ಲಿ ಬೈಗುಳ ಬರುತ್ತದೆ, ಅದಕ್ಕೇ. ನಮ್ಮದು ಹನ್ನೆರಡು ಹಾಸಿಗೆಯ ಸಣ್ಣ ಜಾಗ, ಸರಕಾರದ ಅನುದಾನದ ಮೇಲೆ ನಡೆಯುತ್ತಿತ್ತು. ಜುಲೈ ತಿಂಗಳು, ಭತ್ತದ ನಾಟಿ. ಖಾನಾಪುರದ ಕಡೆಯ ಗಂಡಸನ್ನು ಆ ಎಂಟು ದಿನ ಹಾಸಿಗೆಯಲ್ಲಿ ಮಲಗಿಸಿಡುತ್ತೇನೆಂದರೆ ಅವನು ಗೋಡೆ ಹಾರಿ ಹೋಗುತ್ತಾನೆ, ಹೋದವನು ಮತ್ತೆ ಬರುವುದಿಲ್ಲ. ಹನ್ನೊಂದು ವರ್ಷ ಈ ಕೆಲಸ ಮಾಡಿ ನಾನು ಕಲಿತ ಉಪಾಯ ಒಂದೇ. ನಡುಕ ಇಳಿದು ಚೇತರಿಸಿಕೊಂಡವರಿಗೆ ಬೆಳಿಗ್ಗೆ ಗುಳಿಗೆ ನುಂಗಿಸಿ, ಮಧ್ಯಾಹ್ನದ್ದನ್ನು ಕಿಸೆಯಲ್ಲಿಟ್ಟು, ಹೆಂಡತಿಯ ಜೊತೆ ಗದ್ದೆಗೆ ಕಳಿಸುವುದು. ಸಂಜೆ ಕೆಸರುಗಾಲಿನಲ್ಲೇ ತಿರುಗಿ ಬರುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ತಪಾಸಣೆಯವರು ಬಂದರು. ಹನ್ನೆರಡರಲ್ಲಿ ಹತ್ತು ಹಾಸಿಗೆ ಖಾಲಿ. ನಾಟಿಗೆ ಹೋಗಿದ್ದಾರೆ, ಸಂಜೆಯವರೆಗೆ ಕೂತಿರಿ, ಎಲ್ಲರನ್ನೂ ತೋರಿಸುತ್ತೇನೆ ಎಂದು ಬೇಡಿಕೊಂಡೆ. ಬಂದ ಸಾಹೇಬರು ಕೆಟ್ಟವರಲ್ಲ, ಚಹಾ ಕುಡಿದರು, ನಕ್ಕರು. ಅವರ ಫಾರ್ಮಿನಲ್ಲಿ ತುಂಬಿದೆ, ಖಾಲಿಯಿದೆ ಎಂಬ ಎರಡೇ ಮನೆಗಳಿದ್ದವು. ನಾಟಿಗೆ ಹೋಗಿದ್ದಾರೆ ಎಂದು ಬರೆಯಲು ಜಾಗವಿರಲಿಲ್ಲ. ಸೆಪ್ಟೆಂಬರಿನಲ್ಲಿ ಪತ್ರ ಬಂತು. ಗ್ರಾಮೀಣ ಭಾಗದಲ್ಲಿ ಬೇಡಿಕೆ ಇಲ್ಲ, ಆದ್ದರಿಂದ ಮುಂದಿನ ಅನುದಾನ ಇಲ್ಲ, ರೋಗಿಗಳು ಬೆಳಗಾವಿಗೆ ಬರಬಹುದು. ನನಗೂ ಅಲ್ಲಿಯೇ ಒಂದು ಕುರ್ಚಿ ಕೊಟ್ಟರು. ಈಗ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಈ ಮೂರು ತಿಂಗಳಲ್ಲಿ ಖಾನಾಪುರದ ಹಳ್ಳಿಗಳಿಂದ ಅಲ್ಲಿಗೆ ಬಂದವರು ನಾಲ್ಕೇ ಮಂದಿ.

ನಿನ್ನ ಅಪ್ಪನನ್ನು ಒಪ್ಪಿಸಲು ನನಗೆ ಒಂಬತ್ತು ವರ್ಷ ಹಿಡಿದಿತ್ತು. ಗಣಪತಿ ಹಬ್ಬ ಮುಗಿಯಲಿ, ಬಂದು ಸೇರುತ್ತೇನೆ ಎಂದು ತಾನಾಗಿ ಹೇಳಿದ್ದ. ಹಬ್ಬ ಮುಗಿಯಿತು, ನಾವು ಬಾಗಿಲಿಗೆ ಬೀಗ ಹಾಕಿದೆವು. ಬೆಳಗಾವಿಗೆ ನಡಿ ಅಣ್ಣಾ, ನಾನೇ ಇರುತ್ತೇನಲ್ಲ ಎಂದು ಕಾಲು ಹಿಡಿಯುವುದೊಂದು ಬಾಕಿ. ಅವನು ಹೇಳಿದ್ದು ಇಷ್ಟು: "ಖಾನಾಪುರಕ್ಕ ಹೋದ್ರ ಸಿದರಾಯ ತಂಗಿ ಮನಿಗೆ ಹೋಗ್ಯಾನ ಅಂತಾರ. ಬೆಳಗಾವಿಗೆ ಹೋದ್ರ ಹುಚ್ಚರ ದವಾಖಾನಿಗೆ ಹೋದ ಅಂತಾರ. ಮನ್ಯಾಗ ಲಗ್ನಕ್ಕ ಬಂದ ಮಗಳ ಅದಾಳ, ಪ್ರಮಿಳಾ." ನಿನ್ನ ಮೇಲೆ ಹೊರೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ಕುಡುಕನಾಗಿದ್ದರೂ ನಿನ್ನ ಬಗ್ಗೆ ಯೋಚಿಸುತ್ತಿದ್ದ ಎಂಬುದು ನಿನಗೆ ತಿಳಿದಿರಲಿ.

ಆಮೇಲೆ ಅವನು ನಮ್ಮ ಕಡೆಯ ಗಂಡಸರು ಮಾಡುವುದನ್ನೇ ಮಾಡಿದ. ಕಾರ್ತಿಕ ಏಕಾದಶಿಯ ಮಂಗಳವಾರ ವಿಠೋಬನ ಗುಡಿಗೆ ಹೋಗಿ, ಭಜನೆಯ ಕೃಷ್ಣಾಜಿಯವರ ಕೈಯಿಂದ ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡ. ಮಾಲೆ ಬಿತ್ತೆಂದರೆ ಶೆರೆ ಬಿಟ್ಟ ಹಾಗೆ. ನಡುವೆ ಕುಡಿದರೆ ದೇವರಿಗೆ ಕೊಟ್ಟ ಮಾತು ಮುರಿದ ಹಾಗೆ. ಹಾಗೆ ಬಿಟ್ಟು ಗೆದ್ದವರು ನಮ್ಮ ಊರಲ್ಲಿ ಎಷ್ಟೋ ಮಂದಿ ಇದ್ದಾರೆ, ಸೋತವರ ಮಾತು ಯಾರೂ ಎತ್ತುವುದಿಲ್ಲ. ಬುಧವಾರ ಕೈ ನಡುಗತೊಡಗಿತು, ಬೆವರು ಸುರಿಯಿತು. ಗುರುವಾರ ಮುಂಜಾನೆ ಗೋಡೆಯ ಕಡೆ ಕೈ ತೋರಿಸಿ, ವಿಠೋಬನ ದಿಂಡಿಯ ಮೆರವಣಿಗೆ ಬಂತು, ಪತಾಕೆ ಹಿಡಿದವರು ಬಂದರು, ದಾರಿ ಬಿಡಿ ಎಂದು ಕೂಗಲಾರಂಭಿಸಿದನಂತೆ. ನಮ್ಮ ಜನ ಏನು ಮಾಡಿದರು ಗೊತ್ತೇನು ಪೂನಮ? ಮೊದಲ ಏಕಾದಶಿಗೇ ಸಿದರಾಯನಿಗೆ ದರ್ಶನವಾಯಿತೆಂದು ಓಣಿಯವರೆಲ್ಲ ಬಂದು ಅವನ ಕಾಲು ಮುಟ್ಟಿ ಹೋದರು. ಕೃಷ್ಣಾಜಿಯವರು ಊದಿನಕಡ್ಡಿ ಹಚ್ಚಿ ತಾಳ ಹಿಡಿದು ಕೂತರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಜೀವ ಹೋಗುವ ಲಕ್ಷಣ ಅದು ಎಂದು ಹೇಳುವವರು ಸುತ್ತ ಯಾರೂ ಇರಲಿಲ್ಲ. ನನಗೆ ಇದೆಲ್ಲ ಗೊತ್ತಾದದ್ದೇ ಶುಕ್ರವಾರ.

ಶುಕ್ರವಾರ ಮುಂಜಾನೆ ಅವನಿಗೆ ಫಿಟ್ಸ್ ಬಂತು. ಖಾನಾಪುರದ ಡಾಕ್ಟರು ಕೈಲಾದದ್ದು ಮಾಡಿ ಬೆಳಗಾವಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಚ್ಛೆಯಲ್ಲಿ ನಿನ್ನ ಕಾರ್ಖಾನೆಯ ರಸ್ತೆ ಬಂದಾಗ, ಪೂನಮಳಿಗೆ ಹೇಳಬೇಕು ಅಂದಳಂತೆ. ಅಷ್ಟರಲ್ಲಾಗಲೇ ಅವನು ಹೋಗಿಬಿಟ್ಟಿದ್ದ.

ಹತ್ತು ಖಾಲಿ ಹಾಸಿಗೆಗಳಲ್ಲಿ ಒಂದು ನನ್ನ ಅಣ್ಣನದಾಗಬೇಕಿತ್ತು. ಮೊದಲ ಐದು ದಿನ ಗುಳಿಗೆ, ಸಲೈನು, ಪಕ್ಕದಲ್ಲಿ ಒಬ್ಬ ನರ್ಸ್, ಅಷ್ಟಿದ್ದರೆ ಸಾಕಿತ್ತು. ಇದನ್ನೇ ಬರೆದು ದೊಡ್ಡ ಕಚೇರಿಗೂ ಅರ್ಜಿ ಹಾಕಿದ್ದೇನೆ. ಉತ್ತರ ಬಂದಿಲ್ಲ, ಬರುವ ಲಕ್ಷಣವೂ ಕಾಣೆ.

ನಿನ್ನ ಸಿಟ್ಟಿಗೆ ಕಾರಣವಿದೆ. ಆದರೆ ಅದು ಸಲ್ಲಬೇಕಾದ ಜಾಗ ಅವ್ವನಲ್ಲ. ಸಂಕ್ರಾಂತಿಗೆ ಊರಿಗೆ ಹೋಗು. ಮಾತು ಬಾರದಿದ್ದರೆ ಬೇಡ, ಅವಳು ಮಾಡಿದ್ದನ್ನು ಉಂಡು ಅವಳ ಪಕ್ಕದಲ್ಲಿ ಮಲಗು. ದೇವರು ನಿನಗೆ ಒಳ್ಳೆಯದು ಮಾಡಲಿ, ನೀನು ನೂರು ವರ್ಷ ಬಾಳು. ಚಳಿ ಜೋರಾಗಿದೆ, ಪಾಳಿ ಮುಗಿಸಿ ಬರುವಾಗ ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನ,
ಪ್ರಮಿಳಾ ಅತ್ತೆ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಶುಕ್ರವಾರ ಗೊತ್ತಾಯಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಬುಧವಾರ ಸಂಜೆಯೇ ಅವ್ವ ನನಗೆ ಫೋನ್ ಮಾಡಿದ್ದಳು. ಶೆರೆ ಅಂಗಡಿಯ ಕಡೆ ಜನ್ಮದಲ್ಲಿ ಮುಖ ಹಾಕದವಳು ತಾನೇ ಹೋಗಿ ಒಂದು ಕ್ವಾರ್ಟರ್ ತಂದು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. "ಕೈ ಕಾಲು ಭಾಳ ನಡಗತಾವ, ನನಗ ನೋಡಾಕ ಆಗವಲ್ದು. ಒಂದ್ ಗುಟುಕು ಕೊಡ್ಲೇನು ಪ್ರಮಿಳಾ?" ಅಂದಳು. ಹನ್ನೊಂದು ವರ್ಷ ಊರವರಿಗೆಲ್ಲ, ಒಮ್ಮೆಲೇ ಬಿಡಿಸಬೇಡಿ, ಮೊದಲು ದವಾಖಾನೆಗೆ ತನ್ನಿ ಎಂದು ಹೇಳಿದ ಬಾಯಿ ಇದು. ಆದರೆ ಅಣ್ಣ ಎರಡು ದಿನದಿಂದ ಮುಟ್ಟಿಲ್ಲ ಎಂಬುದೊಂದೇ ನನಗೆ ಕೇಳಿಸಿತು. ಆ ಮಾತಿಗಾಗಿ ಇಪ್ಪತ್ತು ವರ್ಷ ಕಾದಿದ್ದೆ. "ಕೊಡಬ್ಯಾಡ ವೈನಿ, ಕೊಳ್ಳಾಗ ತುಳಸಿ ಮಾಲಿ ಐತಿ. ಎರಡ ದಿನ ತಡಿ, ತಾನಾಗೇ ಇಳೀತದ. ಬಚ್ಚಲಕ್ಕ ಸುರುವು" ಎಂದೆ. ಅವಳು ಫೋನ್ ಇಡದೆಯೇ ಹೋಗಿ ಸುರುವಿದಳು. ಖುಷಿಯಲ್ಲಿ ನಾನು ಮಾರನೆಯ ದಿನ ಆಫೀಸಿನಲ್ಲಿ ಎಲ್ಲರಿಗೂ ಪೇಢೆ ಹಂಚಿದೆ.

ಹದಿಮೂರನೆಯ ದಿನ ನೀನು ಎದ್ದು ಹೋದ ಮೇಲೆ, ಪೂನಮಳಿಗೆ ಹೇಳಿಬಿಡುತ್ತೇನೆ ಅಂದೆ. ಅವ್ವ ನನ್ನ ಕೈ ಹಿಡಿದುಕೊಂಡಳು. "ಹೇಳಬ್ಯಾಡ. ನಿನ್ನ ಮಾತ ನಂಬಿ ಹೆಣ್ಮಕ್ಕಳು ಗಂಡಂದಿರನ್ನ ಕರಕೊಂಡ ಬರ್ತಾರ. ಆ ನಂಬಿಗಿ ಹೋದ್ರ ಅವರು ಎಲ್ಲಿಗಿ ಹೋಗಬೇಕು? ಪೂನಮ ನನ್ನ ಮಗಳು, ಸಿಟ್ಟ ಇಳದ ಮ್ಯಾಲೆ ಬರ್ತಾಳ" ಅಂದಳು. ಇಪ್ಪತ್ತೈದು ದಿನ ಅವಳ ಹಿಂದೆ ಅವಿತುಕೊಂಡಿದ್ದೆ. ನನ್ನ ಜೊತೆ ಮಾತು ಬಿಡು, ಪೂನಮ. ಅವ್ವನಿಗೆ ಫೋನ್ ಮಾಡು.